ಪುಟದೊಳಗಿನ ಪಯಣವೂ ಕೀಲಿಮಣೆಯ ನೆಲೆಯೂ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಒಂದು ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದು ಈಗ ಜೇವರ್ಗಿ ತಾಲೂಕಿನ ಹೋಬಳಿಯಾಗಿ ಉಳಿದಿರುವ ಅಂದೋಲಾದಲ್ಲಾಗಲಿ, ಭೀಮಾನದಿಯ ಆಚೆಯ ದಡದ ಅಫಜಲಪುರದಲ್ಲಾಗಲಿ, ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿರುವ ಆಳಂದದಲ್ಲಾಗಲಿ, ಪಹಣಿಯ ಪ್ರತಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಬಂದು ನಿಂತವರು ಕಂಪ್ಯೂಟರಿನ ಮುಂದೆ ಕುಳಿತ ಆಪರೇಟರನ ಕೈಗಳನ್ನು ಸ್ವಲ್ಪ ಗಮನಿಸಿದರೆ ಒಂದು ಸಂಗತಿ ಕಂಡುಬರುತ್ತದೆ: ಕೆಲಸದಲ್ಲಿ ನುರಿತವನು ಮೌಸನ್ನು ಮುಟ್ಟುವುದು ಬಲು ಕಡಿಮೆ. ಅರ್ಜಿದಾರನ ಹೆಸರು, ಟ್ಯಾಬ್, ತಂದೆಯ ಹೆಸರು, ಟ್ಯಾಬ್, ಗ್ರಾಮ, ಟ್ಯಾಬ್, ಸರ್ವೆ ನಂಬರು, ಎಂಟರ್. ರಾಜ್ಯದ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಏರಿದ ಈ ಶತಮಾನದ ಮೊದಲ ವರ್ಷಗಳಿಂದ ಇಂದಿನವರೆಗೆ ಈ ಭಾಗದ ಸಾವಿರಾರು ಕಾಗದಪತ್ರಗಳು ಹೀಗೆಯೇ, ಕೀಲಿಯಿಂದ ಕೀಲಿಗೆ ಹಾರುವ ಬೆರಳುಗಳ ಅಭ್ಯಾಸಬಲದಿಂದಲೇ ಸಿದ್ಧವಾಗಿವೆ. ಇಂಥ ಕೈಗೆ ವೆಬ್ ಪುಟವೆಂಬುದು ಚಿತ್ರವಲ್ಲ. ಅದೊಂದು ಕ್ರಮ, ಒಂದಾದ ಮೇಲೊಂದರಂತೆ ಬರುವ ನಿಲ್ದಾಣಗಳ ಸಾಲು.

ಆ ಸಾಲಿನಲ್ಲಿ ಓದುಗನು ಈ ಕ್ಷಣದಲ್ಲಿ ಎಲ್ಲಿ ನಿಂತಿದ್ದಾನೆಂಬುದನ್ನು ಬ್ರೌಸರ್ ನೆನಪಿಟ್ಟುಕೊಂಡಿರುತ್ತದೆ; ಅದನ್ನೇ ಫೋಕಸ್ ಎನ್ನುತ್ತಾರೆ. ಟ್ಯಾಬ್ ಒತ್ತಿದರೆ ಫೋಕಸ್ ಮುಂದಿನ ಲಿಂಕಿಗೋ ಖಾನೆಗೋ ಸರಿಯುತ್ತದೆ, ಶಿಫ್ಟಿನೊಡನೆ ಟ್ಯಾಬ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ಇಷ್ಟರವರೆಗೆ ತಕರಾರಿಲ್ಲ. ಆದರೆ ಪುಟದ ತಲೆಯಲ್ಲಿರುವ ಪರಿವಿಡಿಯಂತೆ, ಅಥವಾ ‘ಮುಖ್ಯ ವಿಷಯಕ್ಕೆ ತೆರಳಿ’ ಎಂಬ ಬಗೆಯ ಸಾಲಿನಂತೆ, ಅದೇ ಪುಟದ ಮತ್ತೊಂದು ಭಾಗಕ್ಕೆ ಕರೆದೊಯ್ಯುವ ಲಿಂಕೊಂದರ ಮೇಲೆ ಎಂಟರ್ ಒತ್ತಿದಾಗ ಏನಾಗತಕ್ಕದ್ದು? ಪರದೆಯ ನೋಟವಂತೂ ಆ ಭಾಗಕ್ಕೆ ಇಳಿಯುತ್ತದೆ. ನೋಟದೊಡನೆ ಫೋಕಸ್ಸೂ ಇಳಿಯುತ್ತದೆಯೇ, ಇಲ್ಲವೇ ಬಿಟ್ಟ ಜಾಗದಲ್ಲೇ ಉಳಿಯುತ್ತದೆಯೇ ಎಂಬುದೇ ಈ ಲೇಖನದ ಪ್ರಶ್ನೆ. ಕೇಳಲು ಅತಿ ಕ್ಷುದ್ರವೆಂದು ತೋರುವ ಈ ಪ್ರಶ್ನೆಗೆ ನಿಸ್ಸಂದಿಗ್ಧವಾದ ಉತ್ತರವನ್ನು ಕೊಡಲು ಬ್ರೌಸರ್‌ಗಳ ನಿರ್ಮಾತೃಗಳಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳು ಬೇಕಾದುವೆಂದರೆ, ಅದರ ಒಳಗನ್ನು ಸ್ವಲ್ಪ ಬಿಡಿಸಿ ನೋಡುವುದು ವ್ಯರ್ಥವಾಗಲಾರದು.

ಪುಟದೊಳಗಿನ ಲಿಂಕು ವೆಬ್ಬಿನಷ್ಟೇ ಹಳೆಯದು. ಟಿಮ್ ಬರ್ನರ್ಸ್-ಲೀ ಅವರು 1990ರ ಸುಮಾರಿಗೆ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ, ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಮೊದಲ ಹೆಚ್‌ಟಿಎಂಎಲ್‌ನಲ್ಲಿಯೇ ಪುಟದ ಒಂದು ಸ್ಥಳಕ್ಕೆ ಹೆಸರಿಡುವ, ವಿಳಾಸದ ಕೊನೆಯಲ್ಲಿ ಹ್ಯಾಶ್ ಚಿಹ್ನೆಯನ್ನೂ ಆ ಹೆಸರನ್ನೂ ಬರೆದು ನೇರವಾಗಿ ಅಲ್ಲಿಗೇ ಹೋಗುವ ಏರ್ಪಾಡು ಇತ್ತು. ಆ ಕಾಲದ ಬ್ರೌಸರ್‌ಗಳಲ್ಲಿ ನಮ್ಮ ಪ್ರಶ್ನೆ ಹುಟ್ಟುವುದಕ್ಕೆ ಆಸ್ಪದವೇ ಕಡಿಮೆಯಾಗಿತ್ತು. 1992ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಬರಿಯ ಅಕ್ಷರಗಳನ್ನಷ್ಟೇ ತೋರಿಸುವ ಲಿಂಕ್ಸ್ ಎಂಬ ಬ್ರೌಸರನ್ನು ತೆಗೆದುಕೊಂಡರೆ, ಅದನ್ನು ನಡೆಸುವುದು ಕೀಲಿಮಣೆಯೊಂದರಿಂದಲೇ. ಅದರಲ್ಲಿ ಕಣ್ಣಿಗೆ ಕಾಣುತ್ತಿರುವ ಪರದೆಯೊಳಗೇ ಯಾವುದಾದರೊಂದು ಲಿಂಕು ಆಯ್ದುಕೊಂಡ ಸ್ಥಿತಿಯಲ್ಲಿರುತ್ತದೆಯಾಗಿ, ನೋಟ ಹೋದಲ್ಲಿಗೆ ಕೈಯೂ ಹೋಗಲೇಬೇಕು. ಮೌಸು ಬಂದು, ಪರದೆಯನ್ನು ಉರುಳಿಸುವ ಪಟ್ಟಿ ಬಂದು, ನೋಡುವುದು ಬೇರೆ, ಆಯ್ದುಕೊಳ್ಳುವುದು ಬೇರೆ ಎಂದಾದ ಮೇಲೆಯೇ ಎರಡಕ್ಕೂ ಅಗಲಿಕೆ ಒದಗಿದುದು. ಮೌಸಿನವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಎಲ್ಲಿ ಕಣ್ಣು ಬಿತ್ತೋ ಅಲ್ಲಿಗೆ ಬಾಣವನ್ನು ಒಯ್ದು ಒತ್ತುತ್ತಾನೆ. ಬ್ರೌಸರನ್ನು ಕಟ್ಟುತ್ತಿದ್ದವರಲ್ಲಿ ಹೆಚ್ಚಿನವರು ಮೌಸಿನವರೇ ಆಗಿದ್ದುದರಿಂದ ಅಗಲಿಕೆ ಅವರ ಗಮನಕ್ಕೆ ಬರಲಿಲ್ಲವೆಂದು ತೋರುತ್ತದೆ.

1997ರ ಡಿಸೆಂಬರಿನಲ್ಲಿ ಹೊರಬಂದ ಹೆಚ್‌ಟಿಎಂಎಲ್ 4.0 ಕೀಲಿಮಣೆಯ ಬಳಕೆದಾರರನ್ನು ಮರೆತಿತ್ತೆಂದು ಹೇಳುವಂತಿಲ್ಲ. ಟ್ಯಾಬ್‌ಇಂಡೆಕ್ಸ್ ಎಂಬ ಗುಣವನ್ನು ತಂದು, ಟ್ಯಾಬ್ ಯಾವುದರಿಂದ ಯಾವುದಕ್ಕೆ ಸರಿಯಬೇಕೆಂಬ ಕ್ರಮವನ್ನು ಅದು ವಿಧಿಸಿತು. ವಿಧಿಸದೆ ಬಿಟ್ಟದ್ದು ಒಂದೇ ಸಂಗತಿ: ಪುಟದ ನಡುವೆ ಹಾರಿ ಇಳಿದವನು ಆ ಕ್ರಮವನ್ನು ಎಲ್ಲಿಂದ ಎಣಿಸಲು ತೊಡಗಬೇಕೆಂಬುದು. ಪುಟದ ಶೀರ್ಷಿಕೆಯಾಗಲಿ, ಪರಿಚ್ಛೇದವಾಗಲಿ ಸ್ವಭಾವತಃ ಫೋಕಸ್ ಹಿಡಿಯುವ ವಸ್ತುವಲ್ಲ. ಫೋಕಸ್ ನಿಲ್ಲುವುದು ಲಿಂಕು, ಗುಂಡಿ, ಬರೆಯುವ ಖಾನೆ ಇಂಥವುಗಳ ಮೇಲೆ ಮಾತ್ರ. ಹೀಗಿರಲಾಗಿ ‘ಇತಿಹಾಸ’ ಎಂಬ ಶೀರ್ಷಿಕೆಗೆ ಹಾರಿದಾಗ ಫೋಕಸ್ ಇಡಲು ಅಲ್ಲಿ ಜಾಗವೇ ಇಲ್ಲವೆಂಬ ತರ್ಕದಿಂದ ಕೆಲವು ಬ್ರೌಸರ್‌ಗಳು ಅದನ್ನು ಹಳೆಯ ಸ್ಥಾನದಲ್ಲೇ ಬಿಟ್ಟುಬಿಟ್ಟುವು. ಶ್ರಾವಣಮಾಸದಲ್ಲಿ ಮಠದಲ್ಲಿ ಪುರಾಣ ಓದುವವನ ಪೋಥಿಯ ಹಾಳೆಯನ್ನು ಬೇರೊಬ್ಬನು ಮುಂದಿನ ಅಧ್ಯಾಯಕ್ಕೆ ಮಗುಚಿಟ್ಟು, ಓದುವವನ ಬೆರಳನ್ನು ಮಾತ್ರ ಹಿಂದಿನ ಸಾಲಿನ ಮೇಲೇ ಕಟ್ಟಿಹಾಕಿದರೆ ಹೇಗೋ ಹಾಗೆ.

ಪರಿಣಾಮವನ್ನು ಹತ್ತಿರದಿಂದ ನೋಡಬೇಕು. ಒಂದು ಪುಟದ ತಲೆಯಲ್ಲಿ ಮೂವತ್ತು ಲಿಂಕುಗಳ ಮೆನು ಇದೆಯೆಂದೂ, ಅದಕ್ಕೂ ಮೊದಲು ‘ಮುಖ್ಯ ವಿಷಯಕ್ಕೆ ತೆರಳಿ’ ಎಂಬ ಲಿಂಕು ಇದೆಯೆಂದೂ ಇಟ್ಟುಕೊಳ್ಳೋಣ. ಓದುಗನು ಮೊದಲ ಟ್ಯಾಬಿನಲ್ಲಿ ಆ ಲಿಂಕನ್ನು ಹಿಡಿದು ಎಂಟರ್ ಒತ್ತುತ್ತಾನೆ. ಪರದೆ ಇಳಿಯುತ್ತದೆ, ಅರ್ಜಿಯ ಮೊದಲ ಖಾನೆ ಕಣ್ಣೆದುರಿಗೆ ಬರುತ್ತದೆ. ಆ ಖಾನೆಗೆ ಹೋಗಲೆಂದು ಮತ್ತೊಮ್ಮೆ ಟ್ಯಾಬ್ ಒತ್ತಿದನೋ, ಫೋಕಸ್ ಮೆನುವಿನ ಮೊದಲ ಲಿಂಕಿಗೆ ಸರಿಯುತ್ತದೆ, ಅದನ್ನು ಹಿಂಬಾಲಿಸಿ ಪರದೆಯೂ ಮೇಲಕ್ಕೆ ಜಿಗಿಯುತ್ತದೆ. ‘ಟ್ಯಾಬ್ ಒತ್ತಿದ್ರ ಮತ್ತ ಮ್ಯಾಲೇ ಹೋಗ್ತದರಿ’ ಎಂದು ನಮ್ಮ ಕಡೆಯ ಆಪರೇಟರ್ ಯಾವುದನ್ನು ಹೇಳುತ್ತಾನೋ ಅದು ಇದೇ. ಅವನಾದರೋ ಬೇಸರಪಟ್ಟು ಮೌಸನ್ನು ಎಳೆದುಕೊಳ್ಳಬಹುದು. ಕೈನಡುಕವಿರುವವನು, ಒಂದೇ ಕೈಯಿಂದ ಕೆಲಸಮಾಡುವವನು, ಬಾಯಲ್ಲಿ ಹಿಡಿದ ಕಡ್ಡಿಯಿಂದ ಕೀಲಿಗಳನ್ನು ಒತ್ತುವವನು ಆ ಮೂವತ್ತು ಲಿಂಕುಗಳನ್ನೂ ಒಂದೊಂದಾಗಿ ದಾಟಬೇಕು. ಇನ್ನೊಂದು ಪುಟಕ್ಕೆ ಹೋದರೆ ಅಲ್ಲಿಯೂ ಇನ್ನೊಮ್ಮೆ. ದಾಟುವ ಶ್ರಮವನ್ನು ತಪ್ಪಿಸಲೆಂದೇ ಹುಟ್ಟಿದ ಲಿಂಕು ದಾಟಿಸಿದಂತೆ ನಟಿಸಿ ಸುಮ್ಮನಾದರೆ, ಅದು ಇಲ್ಲದಿರುವುದೇ ಮೇಲೆಂದು ನನಗೆ ಅನ್ನಿಸುತ್ತದೆ.

ಈ ‘ದಾಟಿಸುವ’ ಲಿಂಕುಗಳಿಗೆ ಕಾನೂನಿನ ಬೆಂಬಲ ಬಂದದ್ದು ಬ್ರೌಸರ್‌ಗಳು ಅವನ್ನು ನೆಟ್ಟಗೆ ನಡೆಸುವುದಕ್ಕೆ ಬಹಳ ಮೊದಲು. ಅಮೆರಿಕದ ಪುನರ್ವಸತಿ ಕಾಯಿದೆಯ 508ನೆಯ ಪ್ರಕರಣದ ಕೆಳಗೆ 2000ದ ಡಿಸೆಂಬರಿನಲ್ಲಿ ಪ್ರಕಟವಾಗಿ 2001ರ ಜೂನ್ 21ರಿಂದ ಜಾರಿಗೆ ಬಂದ ಮಾನಕಗಳು, ಪುಟದಿಂದ ಪುಟಕ್ಕೆ ಪುನರಾವರ್ತನೆಯಾಗುವ ಲಿಂಕುಗಳನ್ನು ದಾಟುವ ಉಪಾಯವನ್ನು ಒದಗಿಸಬೇಕೆಂದು ಸರ್ಕಾರಿ ತಾಣಗಳಿಗೆ ಕಟ್ಟಳೆ ಮಾಡಿದುವು. 2008ರ ಡಿಸೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟ ಹೊರತಂದ ವೆಬ್ ಸುಗಮ್ಯತಾ ಮಾರ್ಗಸೂಚಿಯ ಎರಡನೆಯ ಆವೃತ್ತಿ ಇದನ್ನೇ ಅತ್ಯಂತ ಕೆಳಗಿನ, ಎಂದರೆ ಎಲ್ಲರಿಗೂ ಕಡ್ಡಾಯವೆನ್ನಬಹುದಾದ ಮಟ್ಟದಲ್ಲಿ ಇಟ್ಟಿತು. ತಾಣಗಳ ಲೇಖಕರು ಲಿಂಕನ್ನು ಬರೆದರು, ಪರೀಕ್ಷಕರು ಅದರ ಇರವನ್ನು ಗುರುತುಹಾಕಿಕೊಂಡರು. ಅದು ಕೆಲಸಮಾಡುತ್ತಿದೆಯೇ ಎಂದು ಎರಡನೆಯ ಟ್ಯಾಬನ್ನು ಒತ್ತಿ ನೋಡಿದವರು ವಿರಳ.

ಒತ್ತಿ ನೋಡಿದವರಿಗೆ ಕಂಡ ವೈಚಿತ್ರ್ಯಗಳು ಒಂದೆರಡಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಆರನೆಯ ಮತ್ತು ಏಳನೆಯ ಆವೃತ್ತಿಗಳಲ್ಲಿ, ಗುರಿಯನ್ನು ಸುತ್ತುವರಿದ ಎಲಿಮೆಂಟಿಗೆ, ಎಂದರೆ ಪುಟದ ಘಟಕಕ್ಕೆ, ಅಗಲವನ್ನು ಗೊತ್ತುಮಾಡಿದ್ದರೆ ಫೋಕಸ್ ಸರಿಯುತ್ತಿತ್ತು, ಇಲ್ಲವಾದರೆ ಸರಿಯುತ್ತಿರಲಿಲ್ಲ! ಆ ಬ್ರೌಸರಿನ ಒಳಗೆ ಕೆಲವು ಎಲಿಮೆಂಟುಗಳು ತಮ್ಮ ವಿನ್ಯಾಸವನ್ನು ತಾವೇ ನೋಡಿಕೊಳ್ಳುವ ಸ್ವತಂತ್ರರೆಂದೂ ಉಳಿದುವು ಪರಾಧೀನವೆಂದೂ ಇದ್ದ ಒಂದು ಗುಪ್ತ ಭೇದವೇ ಇದಕ್ಕೆ ಕಾರಣ. ಪುಟದ ಅಲಂಕಾರಕ್ಕೆಂದು ಬರೆದ ಒಂದು ಅಳತೆಯು ಅಂಧನೊಬ್ಬನು ಮುಂದಕ್ಕೆ ಹೋಗಬಲ್ಲನೇ ಇಲ್ಲವೇ ಎಂಬುದನ್ನು ನಿರ್ಣಯಿಸುತ್ತಿದ್ದ ಆ ಕಾಲವನ್ನು ನೆನೆದರೆ ಈಗಲೂ ಸೋಜಿಗವಾಗುತ್ತದೆ. ಫೈರ್‌ಫಾಕ್ಸ್ ಈ ವಿಷಯದಲ್ಲಿ ಬಹುಮಟ್ಟಿಗೆ ಸಭ್ಯವಾಗಿ ನಡೆದುಕೊಂಡಿತು. ಸಫಾರಿಯ ತಳಹದಿಯಾದ ವೆಬ್‌ಕಿಟ್‌ನಲ್ಲಿ ದೋಷವು 2008ರಲ್ಲಿಯೇ ದಾಖಲಾಯಿತು. ಅದೇ ವರ್ಷ ಅದೇ ತಳಹದಿಯ ಮೇಲೆ ಹುಟ್ಟಿದ ಕ್ರೋಮ್ ದೋಷವನ್ನೂ ಪಿತ್ರಾರ್ಜಿತವಾಗಿ ಪಡೆಯಿತು. ಕ್ರೋಮ್ ಬರಬರುತ್ತ ಎಲ್ಲೆಡೆಯೂ ವ್ಯಾಪಿಸಿದಂತೆ, ಮೊದಲು ಕೆಲವರದಾಗಿದ್ದ ತೊಂದರೆ ಹೆಚ್ಚುಪಾಲು ಜನರದಾಯಿತು. 2013ರಲ್ಲಿ ಕ್ರೋಮ್ ತನ್ನ ತಳಹದಿಯನ್ನು ಬೇರೆಮಾಡಿಕೊಂಡ ಮೇಲೂ ಮೂರು ವರ್ಷ ಅದು ಹಾಗೆಯೇ ಇತ್ತು.

ಆ ನಡುಗಾಲದಲ್ಲಿ ಲೇಖಕರು ತಮ್ಮ ಕೈಯಲ್ಲಾದ ಪರಿಹಾರವನ್ನು ಮಾಡಿಕೊಂಡರು. ಗುರಿಯಾದ ಶೀರ್ಷಿಕೆಗೆ ಟ್ಯಾಬ್‌ಇಂಡೆಕ್ಸ್ ಋಣ ಒಂದು ಎಂದು ಬರೆದರೆ, ಟ್ಯಾಬಿನ ಸಾಲಿನಲ್ಲಿ ಅದು ಸೇರದೆಯೂ ಫೋಕಸ್ ಹಿಡಿಯಲು ಅರ್ಹವಾಗುತ್ತದೆ. ಅದು ಸಾಲದ ಕಡೆ ಜಾವಾಸ್ಕ್ರಿಪ್ಟಿನ ಎರಡು ಸಾಲು ಬರೆದು ಫೋಕಸ್ಸನ್ನು ಬಲಾತ್ಕಾರವಾಗಿ ಅಲ್ಲಿಗೆ ಎಳೆದು ತರುತ್ತಿದ್ದರು. ಫಲ ದೊರೆಯಿತು, ಆದರೆ ಉಪದ್ರವವಿಲ್ಲದೆ ಅಲ್ಲ. ಮುಖ್ಯಭಾಗವಿಡೀ ಫೋಕಸ್‌ಗೆ ಅರ್ಹವಾಗಿಬಿಟ್ಟರೆ, ಅದರೊಳಗೆ ಎಲ್ಲಿಯೋ ಮೌಸು ಒತ್ತಿದರೂ ಇಡೀ ಭಾಗದ ಸುತ್ತ ನೀಲಿಯ ಗೆರೆ ಎದ್ದು ನಿಲ್ಲುತ್ತಿತ್ತು. ಗೆರೆ ಅಸಹ್ಯವೆಂದು ವಿನ್ಯಾಸಕಾರನು ಎಲ್ಲ ಗೆರೆಗಳನ್ನೂ ಒಂದೇ ಸಾಲಿನ ಸೂತ್ರದಿಂದ ಅಳಿಸಿಹಾಕುತ್ತಿದ್ದನು. ಆಗ ಕೀಲಿಮಣೆಯವನಿಗೆ ತಾನೆಲ್ಲಿರುವೆನೆಂಬ ಸುಳಿವೇ ಇಲ್ಲದಂತಾಗುತ್ತಿತ್ತು. ಕೀಲಿಮಣೆಯಿಂದ ಬಂದಾಗ ಮಾತ್ರ ಗೆರೆಯನ್ನು ತೋರಿಸುವ ವಿವೇಕ ಬ್ರೌಸರ್‌ಗಳಿಗೆ ಬಂದದ್ದು ತೀರ ಈಚೆಗೆ: ಅದಕ್ಕೆ ಬೇಕಾದ ಶೈಲಿಸೂತ್ರವು ಕ್ರೋಮ್‌ಗೆ 2020ರಲ್ಲಿ, ಫೈರ್‌ಫಾಕ್ಸಿಗೆ 2021ರಲ್ಲಿ, ಸಫಾರಿಗೆ 2022ರಲ್ಲಿ ಬಂದಿತು. ಒಂದು ಕಡೆಯ ತಪ್ಪನ್ನು ಲಕ್ಷಾಂತರ ಪುಟಗಳಲ್ಲಿ ಲಕ್ಷಾಂತರ ಜನ ಬಿಡಿಬಿಡಿಯಾಗಿ ತಿದ್ದುವ ಈ ಪದ್ಧತಿಯು ಮೂಲದಲ್ಲೇ ಅನ್ಯಾಯವಾದುದೆಂಬುದು ನನ್ನ ಅಭಿಪ್ರಾಯ. ಸಣ್ಣ ಊರಿನ ಶಾಲೆಗೋ ಸಹಕಾರ ಸಂಘಕ್ಕೋ ಬಿಡುವಿನ ವೇಳೆಯಲ್ಲಿ ತಾಣ ಕಟ್ಟಿಕೊಡುವ ಹುಡುಗನಿಗೆ ಈ ರಹಸ್ಯಗಳು ತಿಳಿದಿರಬೇಕೆಂದು ಅಪೇಕ್ಷಿಸುವುದು ಯಾವ ನ್ಯಾಯ?

ನಿಜವಾದ ಪರಿಹಾರವು ಒಂದು ಹೊಸ ಕಲ್ಪನೆಯ ರೂಪದಲ್ಲಿ ಬಂದಿತು. ಫೋಕಸ್ ಎಲ್ಲಿದೆ ಎಂಬುದೂ, ಮುಂದಿನ ಟ್ಯಾಬ್ ಎಲ್ಲಿಂದ ಹುಡುಕಲು ಆರಂಭಿಸಬೇಕೆಂಬುದೂ ಒಂದೇ ಆಗಿರಬೇಕಾಗಿಲ್ಲವೆಂದು ಒಪ್ಪಿಕೊಂಡರೆ ಸಮಸ್ಯೆ ತಾನಾಗಿ ಕರಗುತ್ತದೆ. ಹೆಚ್‌ಟಿಎಂಎಲ್ ಮಾನಕವು ಈ ಎರಡನೆಯದನ್ನು ಅನುಕ್ರಮ ಸಂಚಾರದ ಆರಂಭಬಿಂದು ಎಂಬರ್ಥದ ಹೆಸರಿನಿಂದ ಗುರುತಿಸಿತು. ಪುಟದೊಳಗಿನ ಲಿಂಕನ್ನು ಹಿಡಿದು ಹೋದಾಗ ಬ್ರೌಸರ್ ಗುರಿಯನ್ನು ಪರದೆಗೆ ತರಬೇಕು. ಗುರಿಯು ಫೋಕಸ್‌ಗೆ ಅರ್ಹವಾದರೆ ಅದಕ್ಕೆ ಫೋಕಸ್ ಕೊಡಬೇಕು. ಅರ್ಹವಾಗಿರಲಿ ಇಲ್ಲದಿರಲಿ, ಆರಂಭಬಿಂದುವನ್ನು ಅಲ್ಲಿಗೆ ಸರಿಸಬೇಕು. ಕ್ರೋಮ್ ಇದನ್ನು 2016ರ ಏಪ್ರಿಲ್‌ನಲ್ಲಿ ಬಂದ 50ನೆಯ ಆವೃತ್ತಿಯಲ್ಲಿ ಅಳವಡಿಸಿತು. ಪುಟದ ನಡುವೆ ಎಲ್ಲಿಯಾದರೂ ಬರಿಯ ಬರಹದ ಮೇಲೆ ಒಮ್ಮೆ ಮೌಸು ಒತ್ತಿ ಟ್ಯಾಬ್ ಒತ್ತಿದರೆ ಅಲ್ಲಿಂದ ಮುಂದಿನ ಲಿಂಕಿಗೆ ಹೋಗುವುದೂ ಈ ಆರಂಭಬಿಂದುವಿನ ಉಪಕಾರವೇ. ಸಫಾರಿಯ ಮಾತು ಬೇರೆ. ಮ್ಯಾಕ್ ಯಂತ್ರಗಳಲ್ಲಿ ಅದು ಮೊದಲಿನ ಸ್ಥಿತಿಯಲ್ಲಿ ಟ್ಯಾಬ್ ಒತ್ತಿದರೆ ಲಿಂಕುಗಳನ್ನು ಬಿಟ್ಟೇ ಸಾಗುತ್ತದೆ, ಆಪ್ಷನ್ ಕೀಲಿಯನ್ನು ಕೂಡಿಸಿ ಒತ್ತಿದರೆ ಮಾತ್ರ ಲಿಂಕುಗಳಲ್ಲಿ ನಿಲ್ಲುತ್ತದೆ. ನಮ್ಮ ತಾಲೂಕು ಕಚೇರಿಗಳಲ್ಲಿ ಮ್ಯಾಕ್ ಕಾಣುವುದು ಅಪರೂಪವಾದುದರಿಂದ ಆ ಚರ್ಚೆಯನ್ನು ಇಲ್ಲಿಗೇ ಬಿಡಬಹುದು.

ಕಣ್ಣು ಕಾಣದವರ ಸಂಗತಿಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಅವರು ಆರಂಭಿಸಿ ಜೇಮ್ಸ್ ತೆಹ್ ಅವರೊಡನೆ ಬೆಳೆಸಿದ ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್, ಇ-ಸ್ಪೀಕ್ ಎಂಬ ಧ್ವನಿಯಂತ್ರದ ನೆರವಿನಿಂದ ಕನ್ನಡವನ್ನೂ ಓದಬಲ್ಲುದು. ಉಚ್ಚಾರಣೆ ಲೋಹದ ತಗಡಿನಂತಿದ್ದರೂ ಅಭ್ಯಾಸವಾದವರಿಗೆ ಅದೇ ಸಾಕು. ಇಂಥ ತಂತ್ರಾಂಶಗಳು ಪುಟದ ಒಂದು ಪ್ರತಿಯನ್ನು ತಮ್ಮಲ್ಲಿ ಕಟ್ಟಿಕೊಂಡು, ಅದರಲ್ಲಿ ಓದುವ ಸ್ಥಾನವನ್ನು ಬ್ರೌಸರಿನ ಫೋಕಸ್‌ಗಿಂತ ಬೇರೆಯಾಗಿಯೇ ಇಟ್ಟುಕೊಂಡಿರುತ್ತವೆ. ಹೀಗಾಗಿ ಕಣ್ಣಿನ ಸ್ಥಾನ, ಫೋಕಸ್, ಆರಂಭಬಿಂದು, ಓದುವ ಸ್ಥಾನ ಎಂದು ಒಂದೇ ಪುಟದಲ್ಲಿ ಒಬ್ಬನೇ ಓದುಗನಿಗೆ ನಾಲ್ಕು ನೆಲೆಗಳು. ನಾಲ್ಕೂ ಒಟ್ಟಿಗೆ ಚಲಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಒಂದು ಹಿಂದುಳಿದರೂ ಓದುಗನು ದಿಕ್ಕೆಡುತ್ತಾನೆ.

ಕನ್ನಡದ ಪುಟಗಳಿಗೇ ವಿಶೇಷವಾದ ಒಂದು ವಿಚಾರವನ್ನು ಇಲ್ಲಿ ಹೇಳಬೇಕು. ಹಾರಬೇಕಾದ ಸ್ಥಳದ ಹೆಸರು ಕನ್ನಡದಲ್ಲಿರಬಹುದಷ್ಟೆ. ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಪರಿವಿಡಿಯ ಪ್ರತಿಯೊಂದು ಸಾಲೂ ಹೀಗೆ ಕನ್ನಡ ಶೀರ್ಷಿಕೆಗೆ ಹಾರುವ ಲಿಂಕೇ ಆಗಿದೆ. ‘ಇತಿಹಾಸ’ ಎಂಬ ನಾಲ್ಕಕ್ಷರದ ಮಾತು ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ, ಯುಟಿಎಫ್-8 ರೂಪದಲ್ಲಿ 18 ಬೈಟು, ಅದನ್ನು ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಡನೆ ಬರೆದರೆ 54 ಚಿಹ್ನೆಗಳ ಉದ್ದದ ಸರಪಳಿ. ವಿಕಿಪೀಡಿಯದಲ್ಲಿ ಬಹುಕಾಲ ಶೀರ್ಷಿಕೆಯ ಹೆಸರೇ ಇಂಥ ಸರಪಳಿಯಾಗಿತ್ತು. 2017ರಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡುವ ಕ್ರಮ ಬಂದಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬ್ರೌಸರ್ ಲಿಂಕಿನ ಹೆಸರನ್ನೂ ಗುರಿಯ ಹೆಸರನ್ನೂ ಸಂಕೇತಕ್ಕೆ ಸಂಕೇತವನ್ನಿಟ್ಟು ಹೋಲಿಸುತ್ತದೆಯೇ ಹೊರತು ಕಣ್ಣಿಗೆ ಹೇಗೆ ಕಾಣುತ್ತದೆಂದು ನೋಡುವುದಿಲ್ಲ. ‘ಹೋಬಳಿ’ಯ ಮೊದಲ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ. ‘ಆಪರೇಟರ್‌ಗಳು’ ಎಂಬಂಥ ಮಾತಿನಲ್ಲಿ ಅರ್ಧಾಕ್ಷರವನ್ನು ಒತ್ತಕ್ಷರವಾಗದಂತೆ ತಡೆಯಲು ಹಾಕುವ ಶೂನ್ಯ ಅಗಲದ ಸಂಕೇತವಂತೂ ಕಾಣಿಸುವುದೇ ಇಲ್ಲ. ಲಿಂಕಿನಲ್ಲಿ ಅದು ಇದ್ದು ಗುರಿಯಲ್ಲಿ ಇಲ್ಲದಿದ್ದರೆ ಎಂಟರ್ ಒತ್ತಿದಾಗ ನೋಟವೂ ಕದಲುವುದಿಲ್ಲ, ಫೋಕಸ್ಸೂ ಕದಲುವುದಿಲ್ಲ. ತಪ್ಪನ್ನು ಹುಡುಕುವವನು ಎರಡನ್ನೂ ಎಷ್ಟು ಸಲ ಓದಿದರೂ ವ್ಯತ್ಯಾಸ ಕಾಣದು. ಪುಟದ ಒಳಗಿನ ಹೆಸರುಗಳನ್ನು ಕೈಯಿಂದ ಬರೆಯುವವರು ಗುರಿಯಿಂದ ಲಿಂಕಿಗೆ ನಕಲುಮಾಡಿ ಅಂಟಿಸುವುದೊಂದೇ ಸುರಕ್ಷಿತವಾದ ದಾರಿ.

2016ರ ಬಳಿಕ ಬ್ರೌಸರ್‌ಗಳು ಸರಿಯಾದುವೆಂದರೆ ಪುಟಗಳೂ ಸರಿಯಾದುವೆಂದು ಅರ್ಥವಲ್ಲ. ಈಗಿನ ದೋಷಗಳು ಬಹುತೇಕ ಲೇಖಕರು ತಾವಾಗಿ ತಂದುಕೊಂಡವು. ಹಾರುವುದು ಒರಟೆಂದು ಭಾವಿಸಿ, ಪರದೆಯನ್ನು ಮೆಲ್ಲನೆ ಉರುಳಿಸುವ ಸೊಗಸಿಗಾಗಿ ಲಿಂಕಿನ ಸಹಜ ವರ್ತನೆಯನ್ನು ಜಾವಾಸ್ಕ್ರಿಪ್ಟಿನಿಂದ ತಡೆದು, ನೋಟವನ್ನು ಮಾತ್ರ ಇಳಿಸುವ ರೂಢಿಯಿದೆ. ಅಲ್ಲಿಗೆ ಬ್ರೌಸರ್ ಮಾಡಬೇಕಾಗಿದ್ದ ಆರಂಭಬಿಂದುವಿನ ಚಲನೆ ತಪ್ಪಿಹೋಗಿ ಹಳೆಯ ಕಾಲದ ರೋಗವೇ ಮರುಕಳಿಸುತ್ತದೆ. ಮೆಲ್ಲನೆ ಉರುಳಿಸಲು ಶೈಲಿಯ ಒಂದೇ ಸಾಲು ಸಾಕೆಂದೂ, ಅದರಿಂದ ಫೋಕಸ್‌ಗೆ ಯಾವ ಧಕ್ಕೆಯೂ ಇಲ್ಲವೆಂದೂ ತಿಳಿದವರು ಕಡಿಮೆ. ಪರದೆಯ ತಲೆಗೆ ಅಂಟಿಕೊಂಡೇ ಇರುವ ಪಟ್ಟಿಗಳು ಇನ್ನೊಂದು ಪೀಡೆ: ಹಾರಿಬಂದ ಶೀರ್ಷಿಕೆ ಸರಿಯಾಗಿ ಆ ಪಟ್ಟಿಯ ಹಿಂದೆ ಅಡಗಿ ಕೂರುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಮಾರ್ಗಸೂಚಿಯ 2.2ನೆಯ ಆವೃತ್ತಿ, ಫೋಕಸ್ ಪಡೆದ ವಸ್ತು ಹೀಗೆ ಸಂಪೂರ್ಣವಾಗಿ ಮರೆಯಾಗಕೂಡದೆಂದು ಹೊಸದಾಗಿ ವಿಧಿಸಿದೆ.

ನಮ್ಮ ದೇಶದ ಕಡೆಗೆ ತಿರುಗಿದರೆ, ಭಾರತ ಸರ್ಕಾರದ ಜಾಲತಾಣಗಳಿಗೆ ಮೊದಲ ಮಾರ್ಗದರ್ಶಿ ಸೂತ್ರಗಳು 2009ರಲ್ಲಿಯೂ ಅವುಗಳ ಮೂರನೆಯ ಆವೃತ್ತಿ 2023ರಲ್ಲಿಯೂ ಬಂದುವು. ಜಿಲ್ಲಾ ತಾಣಗಳನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ಯುವ ರಾಷ್ಟ್ರೀಯ ಮಾಹಿತಿ ಕೇಂದ್ರದ ವ್ಯವಸ್ಥೆಯ ಹೆಸರಿನಲ್ಲಿಯೇ ‘ಸುಗಮ್ಯ’ ಎಂಬ ಪದವಿದೆ. ಒಂದು ಅಚ್ಚನ್ನು ತಿದ್ದಿದರೆ ನೂರಾರು ಜಿಲ್ಲೆಗಳ ಪುಟಗಳು ತಿದ್ದಿಕೊಳ್ಳುವ ಈ ಏರ್ಪಾಡನ್ನು, ಎಲ್ಲ ಊರುಗಳ ತಾಣಗಳೂ ಒಂದೇ ಮುಖವುಳ್ಳವಾಗುತ್ತವೆಂಬ ಆಕ್ಷೇಪವಿದ್ದರೂ, ನಾನು ಮೆಚ್ಚುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿ ತಂತ್ರಜ್ಞಾನದ ಸುಗಮ್ಯತೆಯನ್ನು ಸರ್ಕಾರದ ಹೊಣೆಯನ್ನಾಗಿ ಮಾಡಿತು. ಆದರೂ ಅದರ ಕೆಳಗಿನ 15ನೆಯ ನಿಯಮವು ಬರಿಯ ಸಲಹೆಯ ಸ್ವರೂಪದ್ದಾಗಿದೆಯೆಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯವಾದ ಮಾನಕಗಳನ್ನು ರಚಿಸುವಂತೆ ಆದೇಶಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮತ್ತು ಅಮರ್ ಜೈನ್ ಅವರ ಅರ್ಜಿಗಳ ಮೇಲಿನ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಅಡಕವೆಂದು ಅದೇ ನ್ಯಾಯಾಲಯ ಸಾರಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ಅವರಲ್ಲಿ ಆಳಂದ ತಾಲೂಕಿನ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅರ್ಜಿ ತುಂಬಬೇಕಾದ ವಿದ್ಯಾರ್ಥಿಯೂ ಇರಬಹುದು, ಮಾಸಾಶನಕ್ಕೆ ಅರ್ಜಿ ಹಾಕುವ ಮುದುಕನೂ ಇರಬಹುದು. ತೀರ್ಪು ಅವರನ್ನು ಮುಟ್ಟಬೇಕಾದರೆ ಪರೀಕ್ಷಕನು ತಾಣವನ್ನು ಒಪ್ಪಿಕೊಳ್ಳುವ ಮೊದಲು ಮೌಸನ್ನು ಕಳಚಿಟ್ಟು, ಟ್ಯಾಬ್, ಎಂಟರ್, ಮತ್ತೆ ಟ್ಯಾಬ್ ಎಂದು ಮೂರು ಸಲ ಒತ್ತಿ ನೋಡತಕ್ಕದ್ದು. ಈ ಪರೀಕ್ಷೆಗೆ ಯಾವ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ.

ಇನ್ನೂ ಬಗೆಹರಿಯದ ಒಂದು ಪ್ರಶ್ನೆಯೆಂದರೆ, ಆರಂಭಬಿಂದುವು ಅದೃಶ್ಯವೆಂಬುದು. ಫೋಕಸ್‌ಗೆ ಸುತ್ತಲೂ ಗೆರೆಯಿದೆ; ಆರಂಭಬಿಂದುವಿಗೆ ಯಾವ ಗುರುತೂ ಇಲ್ಲ. ಕಣ್ಣಿದ್ದೂ ಕೀಲಿಮಣೆಯನ್ನೇ ನಂಬಿದವನು ಶೀರ್ಷಿಕೆಗೆ ಹಾರಿದಾಗ, ಶೀರ್ಷಿಕೆ ಪುಟದ ಕೊನೆಯಲ್ಲಿದ್ದು ಪರದೆ ಮೇಲಕ್ಕೇರಲಾರದೆ ನಡುವೆಯೇ ನಿಂತರೆ, ತಾನು ಬಂದು ಮುಟ್ಟಿದ್ದು ಯಾವ ಸಾಲಿಗೆಂದು ಅವನಿಗೆ ತಿಳಿಯುವುದಿಲ್ಲ. ಗುರಿಯಾದ ಎಲಿಮೆಂಟಿಗೆ ಬಣ್ಣ ಬಳಿಯುವ ಸೂತ್ರ ಶೈಲಿಭಾಷೆಯಲ್ಲಿ ಬಹಳ ಹಿಂದಿನಿಂದ ಇದೆ. ವಿಕಿಪೀಡಿಯದಲ್ಲಿ ಅಡಿಟಿಪ್ಪಣಿಗೆ ಹಾರಿದಾಗ ಆ ಟಿಪ್ಪಣಿಯ ಹಿಂದೆ ತಿಳಿನೀಲಿ ಮೂಡುವುದು ಅದರಿಂದಲೇ. ಬ್ರೌಸರ್ ತಾನಾಗಿಯೇ ಇಂಥದೊಂದು ಗುರುತನ್ನು, ಕೀಲಿಮಣೆಯಿಂದ ಬಂದವರಿಗೆ ಮಾತ್ರ, ಕ್ಷಣಕಾಲ ತೋರಿಸಬಾರದೇಕೆ ಎಂದು ನಾನು ಕೇಳುತ್ತೇನೆ. ವಿನ್ಯಾಸ ಕೆಡುತ್ತದೆಂಬ ಸಮಾಧಾನ ನನಗೆ ಒಪ್ಪಿಗೆಯಾಗಿಲ್ಲ. ಇದರ ಜೊತೆಗೆ, ನಮ್ಮ ಹಳ್ಳಿಗಳಲ್ಲಿ ವೆಬ್ ಎಂಬುದು ಈಗ ಬಹುಪಾಲು ಫೋನಿನಲ್ಲಿಯೇ ಇದೆ. ಅಲ್ಲಿ ಟ್ಯಾಬ್ ಕೀಲಿಯಿಲ್ಲ. ಅಲ್ಲಿನ ಸ್ಕ್ರೀನ್ ರೀಡರ್‌ಗಳಾದ ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಆಗಲಿ ಐಫೋನಿನ ವಾಯ್ಸ್‌ಓವರ್ ಆಗಲಿ, ಬೆರಳನ್ನು ಬಲಕ್ಕೆ ತೀಡಿದಂತೆ ಮುಂದಕ್ಕೆ ಸಾಗುವ ತನ್ನದೇ ಫೋಕಸ್ಸನ್ನು ಇಟ್ಟುಕೊಂಡಿದೆ. ಪುಟದೊಳಗಿನ ಲಿಂಕನ್ನು ಎರಡು ಸಲ ತಟ್ಟಿ ತೆರೆದಾಗ ಆ ಫೋಕಸ್ ಗುರಿಗೆ ಹೋಗಿ ನಿಲ್ಲುವುದೇ ಎಂಬ ಪರೀಕ್ಷೆಯನ್ನು ಪ್ರತಿಯೊಂದು ಫೋನಿನಲ್ಲೂ ಪ್ರತಿಯೊಂದು ಬ್ರೌಸರಿನಲ್ಲೂ ಬೇರೆಬೇರೆಯಾಗಿಯೇ ಮಾಡಿ ನೋಡಬೇಕಾಗಿದೆ.